ಗುಪ್ತಚರ ಇಲಾಖೆಯ ಲೆಕ್ಕ ಕೇಳುವವರು ಯಾರು?

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಠಾಣೆಯಿಂದ ಪೊಲೀಸರು ಮನೆಗೆ ಬಂದು ವಿಚಾರಿಸಿ ಹೋಗುತ್ತಾರೆ. ಗಲ್ಫ್ ನಂಬಿ ಬದುಕುವ ನಮ್ಮ ಕರಾವಳಿಯ ಮನೆಗಳಿಗೆ ಇದು ಹೊಸತಲ್ಲ. ಬಂದವರು ಯಾವ ಠಾಣೆಯವರು, ಅನ್ಯಾಯವಾದರೆ ಯಾರಿಗೆ ದೂರು ಕೊಡಬೇಕು ಎಂಬುದೂ ನಮಗೆ ಗೊತ್ತು. ಮೇಲೆ ಎಸ್ಪಿ ಇದ್ದಾರೆ, ಅದರ ಮೇಲೆ ಕೋರ್ಟ್ ಇದೆ. ಆದರೆ ಕಣ್ಣಿಗೆ ಕಾಣದೆ ಕೆಲಸ ಮಾಡುವ ಗುಪ್ತಚರ ಸಂಸ್ಥೆಯಿಂದ ತಪ್ಪಾದರೆ ಯಾರ ಬಾಗಿಲು ತಟ್ಟುವುದು?

ದೇಶಕ್ಕೆ ಗುಪ್ತಚರರು ಬೇಡ ಎಂದು ಯಾರೂ ಹೇಳುವುದಿಲ್ಲ. ಬಾಂಬ್ ಇಡುವವನನ್ನು ಮೊದಲೇ ಹಿಡಿಯಬೇಕಾದರೆ ಗುಟ್ಟಾಗಿ ಮಾಹಿತಿ ಸಂಗ್ರಹಿಸಲೇಬೇಕು. ಪ್ರಶ್ನೆ ಇರುವುದು ಆ ಅಧಿಕಾರಕ್ಕೆ ಲೆಕ್ಕ ಕೇಳುವವರು ಯಾರು ಎಂಬುದರಲ್ಲಿ.

ಕಾನೂನೇ ಇಲ್ಲದ ಸಂಸ್ಥೆ

ಇಂಟೆಲಿಜೆನ್ಸ್ ಬ್ಯೂರೋ, ಅಂದರೆ ಐಬಿ, ಬ್ರಿಟಿಷರ ಕಾಲದ್ದು. 1887ರ ಡಿಸೆಂಬರ್ 23ರ ಒಂದು ಸರ್ಕಾರಿ ಆದೇಶವೇ ಅದರ ಹುಟ್ಟು. ವಿದೇಶದ ಮಾಹಿತಿ ಸಂಗ್ರಹಿಸುವ ‘ರಾ’ ಆರಂಭವಾದದ್ದು 1968ರಲ್ಲಿ. ಎನ್‌ಐಎಗೆ 2008ರ ಕಾಯ್ದೆ ಇದೆ, ಸಿಬಿಐ 1946ರ ಕಾಯ್ದೆಯಡಿ ನಡೆಯುತ್ತದೆ. ಆದರೆ ಐಬಿ ಮತ್ತು ರಾ ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವ ಕಾಯ್ದೆಯನ್ನು ಸಂಸತ್ತು ಇಂದಿಗೂ ಮಾಡಿಲ್ಲ. ಮಾಹಿತಿ ಹಕ್ಕು ಕಾಯ್ದೆಯಿಂದಲೂ ಅವುಗಳಿಗೆ ವಿನಾಯಿತಿ ಇದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಗೆ ಮಾತ್ರ ಆ ಕಾಯ್ದೆ ಸ್ವಲ್ಪ ಬಾಗಿಲು ತೆರೆದಿಟ್ಟಿದೆ.

ಈ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಟ್ಟವರು ಐಬಿಯಲ್ಲೇ ದಶಕಗಳ ಕಾಲ ದುಡಿದು ನಿವೃತ್ತರಾದ ಆರ್.ಎನ್. ಕುಲಕರ್ಣಿ. ಅವರ ಅರ್ಜಿಯ ಮೇಲೆ 2012ರಲ್ಲಿ ಕರ್ನಾಟಕ ಹೈಕೋರ್ಟ್, ಐಬಿಗೆ ಯಾವ ಕಾನೂನಿನ ಆಧಾರವಿದೆ ಎಂದು ಕೇಂದ್ರವನ್ನು ಕೇಳಿತ್ತು. ಒಳಗಿದ್ದವರಿಗೇ ಕಾನೂನು ಬೇಕು ಅನಿಸಿದ ಮೇಲೆ, ಅದನ್ನು ಕೇಳುವುದು ದೇಶದ್ರೋಹ ಹೇಗಾದೀತು?

24 ವರ್ಷ ಕಾದ ನ್ಯಾಯ

ಲೆಕ್ಕ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ಕೇರಳದ ಇಸ್ರೋ ಪ್ರಕರಣ ಸಾಕು. 1994ರಲ್ಲಿ ಮಾಲ್ದೀವ್ಸಿನ ಇಬ್ಬರು ಹೆಂಗಸರು, ವಿಜ್ಞಾನಿ ನಂಬಿ ನಾರಾಯಣನ್ ಸೇರಿ ಆರು ಮಂದಿಯ ಬಂಧನವಾಯಿತು. ಇವರಲ್ಲಿ ಇಬ್ಬರು ಬೆಂಗಳೂರಿನಲ್ಲಿ ನೆಲೆಸಿದ್ದವರು. ರಾಕೆಟ್ ಗುಟ್ಟು ಮಾರಿದರು ಎಂಬುದು ಆರೋಪ. ಕೇರಳ ಪೊಲೀಸರ ಜೊತೆ ಐಬಿ ಅಧಿಕಾರಿಗಳೂ ವಿಚಾರಣೆ ನಡೆಸಿದರು. ಪತ್ರಿಕೆಗಳು ದಿನಕ್ಕೊಂದು ಕಥೆ ಬರೆದವು.

1996ರಲ್ಲಿ ಸಿಬಿಐ ಇಡೀ ಪ್ರಕರಣವೇ ಸುಳ್ಳು ಎಂದು ವರದಿ ಕೊಟ್ಟಿತು. ಸುಳ್ಳೆಂದು ತಿಳಿಯಲು ಎರಡೇ ವರ್ಷ ಸಾಕಾಯಿತು. ತಪ್ಪಿತಸ್ಥ ಅಧಿಕಾರಿಗಳ ಮೇಲಿನ ಕ್ರಮ ನೋಡಲು ಸುಪ್ರೀಂ ಕೋರ್ಟ್ ಸಮಿತಿ ರಚಿಸುವ ಹೊತ್ತಿಗೆ ಮತ್ತೆ 22 ವರ್ಷ ಕಳೆದು 2018 ಬಂದಿತ್ತು. ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರದ ಆದೇಶವೂ ಆಗಲೇ ಆದದ್ದು. ಅವರು ಹೆಸರಾಂತ ವಿಜ್ಞಾನಿ, ಪಟ್ಟು ಬಿಡದೆ ಹೋರಾಡಿದರು. ಅದೇ ಜಾಗದಲ್ಲಿ ಬೀಡಿ ಕಟ್ಟುವ ತಾಯಿಯ ಮಗನೊಬ್ಬ ಇದ್ದಿದ್ದರೆ?

ಆದೇಶವೂ ಅವರದ್ದೇ, ಪರಿಶೀಲನೆಯೂ ಅವರದ್ದೇ

ಫೋನ್ ಕದ್ದಾಲಿಕೆಯ ಕಥೆಯೂ ಹೀಗೇ. 1988ರಲ್ಲಿ ಇದೇ ಆರೋಪಕ್ಕೆ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಡಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಹಾಕಿತು: ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದಕ್ಕೆ ಅವಧಿ ಇರಬೇಕು, ಸಮಿತಿಯೊಂದು ಪರಿಶೀಲಿಸಬೇಕು. ಆದರೆ ಕೇಂದ್ರದ ಆ ಸಮಿತಿಯಲ್ಲಿರುವುದು ಸಂಪುಟ ಕಾರ್ಯದರ್ಶಿ ಮತ್ತಿತರ ಸರ್ಕಾರಿ ಕಾರ್ಯದರ್ಶಿಗಳೇ. ನ್ಯಾಯಾಧೀಶರಿಲ್ಲ, ಸಂಸದರಿಲ್ಲ, ವಿರೋಧ ಪಕ್ಷವಂತೂ ಇಲ್ಲವೇ ಇಲ್ಲ.

ಪೆಗಾಸಸ್ ವಿಷಯ ಬಂದಾಗ, ರಾಷ್ಟ್ರೀಯ ಭದ್ರತೆ ಎಂದು ಹೇಳಿದ ಮಾತ್ರಕ್ಕೆ ಕೋರ್ಟ್ ಕಣ್ಣು ಮುಚ್ಚಿ ಕೂರಲಾಗದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಿಂದೆ ಕರ್ನಾಟಕ ಹೈಕೋರ್ಟಿನಲ್ಲೂ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತನಿಖೆ ನಡೆಯಿತು. ಪರೀಕ್ಷಿಸಿದ 29 ಫೋನುಗಳ ಪೈಕಿ 5ರಲ್ಲಿ ಯಾವುದೋ ಕುತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿರುವುದಾಗಿ 2022ರಲ್ಲಿ ಕೋರ್ಟ್ ತಿಳಿಸಿತು. ಸುಪ್ರೀಂ ಕೋರ್ಟಿನ ಸಮಿತಿಗೇ ಹೀಗಾದರೆ ಸಾಮಾನ್ಯರ ಪಾಡೇನು?

ಬೇರೆಯವರು ಏನು ಮಾಡಿದರು?

ನಮಗೆ ಐಬಿ ಕೊಟ್ಟುಹೋದ ಬ್ರಿಟನ್ನಿನಲ್ಲೂ ಮೊದಲು ಇದೇ ಕಥೆ. 1909ರಲ್ಲಿ ಹುಟ್ಟಿದ ಎಂಐ5 ಸಂಸ್ಥೆಗೆ 1989ರವರೆಗೆ ಕಾನೂನೇ ಇರಲಿಲ್ಲ. ಆಮೇಲೆ ಅವರು ಕಾನೂನು ಮಾಡಿಕೊಂಡರು. 1994ರಲ್ಲಿ ಸಂಸದರ ಸಮಿತಿ ಬಂತು, 2013ರಲ್ಲಿ ಅದರ ಅಧಿಕಾರ ಹೆಚ್ಚಾಯಿತು. ಈಗ ಅಲ್ಲಿ ಫೋನ್ ಕದ್ದಾಲಿಸಬೇಕಾದರೆ ಸಾಮಾನ್ಯವಾಗಿ ಮಂತ್ರಿ ಸಹಿ ಹಾಕಿದ ಮೇಲೂ ನ್ಯಾಯಾಂಗದ ಕಮಿಷನರ್ ಒಪ್ಪಬೇಕು. ಜನರ ದೂರು ಕೇಳಲು ಪ್ರತ್ಯೇಕ ನ್ಯಾಯಮಂಡಳಿ ಇದೆ. ಅಮೆರಿಕದಲ್ಲಿ 1975ರ ಚರ್ಚ್ ಸಮಿತಿಯ ತನಿಖೆ ಮಾರ್ಟಿನ್ ಲೂಥರ್ ಕಿಂಗ್ ಅವರಂಥವರ ಮೇಲೂ ಗೂಢಚಾರಿಕೆ ನಡೆದದ್ದನ್ನು ಬಯಲು ಮಾಡಿತು. ಅದರ ಬೆನ್ನಿಗೇ ಸಂಸತ್ತಿನ ಎರಡೂ ಸದನಗಳಲ್ಲಿ ಕಾಯಂ ಸಮಿತಿಗಳಾದವು. ಇದರಿಂದ ಆ ದೇಶಗಳ ಗುಪ್ತಚರ ಸಂಸ್ಥೆಗಳೇನೂ ಬಾಗಿಲು ಮುಚ್ಚಲಿಲ್ಲ.

ನಮ್ಮಲ್ಲೂ ಮಾತು ಎದ್ದಿತ್ತು. 2010ರಲ್ಲಿ ಉಪರಾಷ್ಟ್ರಪತಿ ಹಾಮಿದ್ ಅನ್ಸಾರಿ, ರಾ ಸ್ಥಾಪಕ ಆರ್.ಎನ್. ಕಾವ್ ಸ್ಮಾರಕ ಉಪನ್ಯಾಸದಲ್ಲೇ ಸಂಸತ್ತಿನ ಮೇಲ್ವಿಚಾರಣೆ ಬೇಕು ಎಂದರು. 2011ರಲ್ಲಿ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ತಂದರು. ಮೇಲ್ವಿಚಾರಣಾ ಸಮಿತಿ, ನ್ಯಾಯಮಂಡಳಿ, ಓಂಬುಡ್ಸ್‌ಮನ್ ಎಲ್ಲವೂ ಅದರಲ್ಲಿದ್ದವು. ಅದು ಕಾನೂನಾಗಲಿಲ್ಲ.

ಜಮಾಅತಿನ ಮಹಾಸಭೆಯಲ್ಲಿ ಖಜಾಂಚಿ ಎದ್ದು ನಿಂತು ವರ್ಷದ ಲೆಕ್ಕ ಓದುತ್ತಾರೆ. ಕೇಳಿದವರು ಖಜಾಂಚಿಯನ್ನು ಕಳ್ಳ ಎಂದರು ಅಂತ ಯಾರೂ ಮುನಿಸಿಕೊಳ್ಳುವುದಿಲ್ಲ. ಲೆಕ್ಕ ಸರಿಯಿದ್ದರೆ ಅವರಿಗೇ ಗೌರವ. ಅಧಿಕಾರವೂ ಒಂದು ಅಮಾನತ್ತು ತಾನೇ? ಪ್ರಾಮಾಣಿಕ ಅಧಿಕಾರಿಗೂ ಕಾನೂನು ಬೇಕು. ಮೇಲಿನವರು ವಿರೋಧಿಗಳ ಫೋನ್ ಕದ್ದಾಲಿಸು ಎಂದಾಗ ‘ಇದಕ್ಕೆ ಅವಕಾಶವಿಲ್ಲ ಸರ್’ ಎನ್ನಲು ಅವನ ಕೈಯಲ್ಲಿ ಏನಾದರೂ ಇರಬೇಕಲ್ಲ!

ಎಲ್ಲ ಗುಟ್ಟನ್ನೂ ಬೀದಿಗೆ ತನ್ನಿ ಎಂದು ಕೇಳಬೇಕಾಗಿಲ್ಲ. ಗುಟ್ಟು ಕಾಯುವ ಪ್ರಮಾಣ ಮಾಡಿದ, ಎಲ್ಲ ಪಕ್ಷಗಳ ಕೆಲವು ಸಂಸದರು ಮುಚ್ಚಿದ ಕೋಣೆಯಲ್ಲಾದರೂ ಲೆಕ್ಕ ನೋಡಲಿ. ಕದ್ದಾಲಿಕೆಗೆ ನ್ಯಾಯಾಧೀಶರ ಒಪ್ಪಿಗೆ ಇರಲಿ. ಅನ್ಯಾಯವಾದವನಿಗೆ ದೂರು ಕೊಡಲು ಒಂದು ಜಾಗ ಇರಲಿ. ನಮ್ಮ ಊರಿಗೆ ಬರುವ ಸಂಸದರ ಬಳಿ ನಾವು ರಸ್ತೆ ಕೇಳುತ್ತೇವೆ, ರೈಲು ಕೇಳುತ್ತೇವೆ. ಮುಂದಿನ ಸಲ ಬಂದಾಗ ಇದನ್ನೂ ಕೇಳೋಣ. ಇದು ಒಂದು ಸಮುದಾಯದ ಬೇಡಿಕೆಯಲ್ಲ, ಫೋನ್ ಇರುವ ಪ್ರತಿಯೊಬ್ಬರದ್ದು.