ಹಸುರೆಂದರೆ ಯಾವ ಹಸುರು?

ಅಡಿಕೆ ತೋಟದ ಬಣ್ಣ ಯಾವುದೆಂದು ಕೇಳಿದರೆ ಪುತ್ತೂರು, ಸುಳ್ಯ, ಕಡಬಗಳ ಯಾವ ಮಗುವಾದರೂ 'ಹಸುರು' ಎಂದು ಒಂದೇ ಉಸಿರಿಗೆ ಹೇಳೀತು. ಅದೇ ಮಗು ಬೆಳೆದು ಕಾಲೇಜಿಗೆ ಬಂದು, ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಚಿತ್ರ ಬರೆಯತೊಡಗಿದಾಗಲೂ ಹಾಗೆಯೇ ಮಾಡುತ್ತದೆ. ಬಣ್ಣದ ಚಕ್ರದಲ್ಲಿ ಹಸುರಿರುವ ಕಡೆಗೆ ಬೆರಳೊತ್ತಿ, ಅಲ್ಲಿ ಸಿಕ್ಕಿದುದನ್ನು ತೋಟಕ್ಕೆಲ್ಲ ಬಳಿಯುತ್ತದೆ. ಮಣ್ಣಿಗೆ ಕಂದು, ಆಕಾಶಕ್ಕೆ ನೀಲಿ. ಗೆರೆ ಚೆನ್ನಾಗಿರುತ್ತದೆ, ಮರಗಳ ಅಳತೆಯೂ ತಪ್ಪಿರುವುದಿಲ್ಲ. ಆದರೂ ಮನೆಯವರು ನೋಡಿ, "ಇದು ಯಾರ ತೋಟ?" ಎಂದು ಕೇಳುತ್ತಾರೆ. ತನ್ನ ಅಂಗಳದಲ್ಲೇ ಕುಳಿತು ಬರೆದ ಹುಡುಗಿಗೆ ಇದಕ್ಕಿಂತ ನೋವಿನ ಮಾತು ಬೇರೆ ಬೇಕೆ? ಬಣ್ಣವು ವಸ್ತುವಿಗೆ ಅಂಟಿಕೊಂಡ ಗುಣವೆಂಬ ನಮ್ಮೆಲ್ಲರ ನಂಬಿಕೆಯೇ ಇದಕ್ಕೆ ಕಾರಣ. ಬೆಳಕು ಬದಲಾದರೆ, ಪಕ್ಕದಲ್ಲಿರುವ ಬಣ್ಣ ಬದಲಾದರೆ, ಅದೇ ಎಲೆ ಕಣ್ಣಿಗೆ ಬೇರೆಯಾಗುತ್ತದೆ.

ಮೊದಲು ಆ ಗಾಜಿನ ಗುಟ್ಟನ್ನು ನೋಡೋಣ. ಮೊಬೈಲ್ ಪರದೆಯ ಬಿಳಿಯ ಭಾಗದ ಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕ ನೀರಹನಿಯೊಂದನ್ನಿಟ್ಟು ಅದರ ಮೂಲಕ ಇಣಿಕಿರಿ. ಹನಿಯು ಭೂತಗನ್ನಡಿಯಂತೆ ವರ್ತಿಸಿ ಕೆಂಪು, ಹಸುರು, ನೀಲಿ ಕಣಗಳನ್ನು ತೋರಿಸೀತು. ಈ ಮೂರು ಬಗೆಯ ದೀಪಗಳೂ ಪೂರ್ತಿ ಉರಿದರೆ ನಮಗೆ ಬಿಳಿ ಕಾಣುತ್ತದೆ. ಮೂರೂ ಆರಿದರೆ ಕಪ್ಪು. ಕೆಂಪೂ ಹಸುರೂ ಮಾತ್ರ ಉರಿದರೆ ಹಳದಿ! 1861ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ ಇದೇ ಉಪಾಯವನ್ನು ಬಳಸಿ, ಪಟ್ಟೆಪಟ್ಟೆಯ ರಿಬ್ಬನ್ನೊಂದರ ಮೂರು ಛಾಯಾಚಿತ್ರಗಳನ್ನು ಮೂರು ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿ ವರ್ಣಚಿತ್ರವನ್ನು ಮೂಡಿಸಿ ತೋರಿಸಿದ್ದನು. ನಮ್ಮ ಯಕ್ಷಗಾನದ ಚೌಕಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಸಫೇದ, ಅರದಾಳ, ಇಂಗಳೀಕಗಳನ್ನು ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಹಚ್ಚುತ್ತಾರೆ. ಬಣ್ಣದ ಪುಡಿಯು ಬೆಳಕಿನ ಒಂದು ಪಾಲನ್ನು ನುಂಗಿ ಉಳಿದುದನ್ನಷ್ಟೆ ಹಿಂದಕ್ಕೆ ಕಳುಹಿಸುವುದರಿಂದ, ಹೆಚ್ಚು ಹೆಚ್ಚು ಬಣ್ಣಗಳನ್ನು ಬೆರೆಸಿದಷ್ಟೂ ಮಿಶ್ರಣ ಮಂಕಾಗುತ್ತ ಹೋಗುತ್ತದೆ. ಪರದೆಯಲ್ಲಿ ಬೆಳಕಿಗೆ ಬೆಳಕು ಕೂಡುತ್ತದೆ, ತಟ್ಟೆಯಲ್ಲಿ ಕಳೆಯುತ್ತದೆ.

ಪರದೆಯ ಒಂದೊಂದು ದೀಪಕ್ಕೂ ಸಾಮಾನ್ಯವಾಗಿ 256 ಮೆಟ್ಟಿಲುಗಳಿವೆ. ಮೂರನ್ನೂ ಗುಣಿಸಿದರೆ 1,67,77,216 ಬಣ್ಣಗಳಾದುವು. ಇಷ್ಟು ದೊಡ್ಡ ಉಗ್ರಾಣದ ಕೀಲಿ ಕೈಗೆ ಸಿಕ್ಕಿದವನು ಏನು ಮಾಡಿಯಾನು? ಕಣ್ಣು ಕೋರೈಸುವುದನ್ನೇ ಮೊದಲು ಎತ್ತಿಕೊಳ್ಳುತ್ತಾನೆ. ಚಿತ್ರ ಬರೆಯುವ ತಂತ್ರಾಂಶಗಳಲ್ಲಿ ಹ್ಯೂ, ಸ್ಯಾಚುರೇಷನ್, ಬ್ರೈಟ್‌ನೆಸ್ ಎಂಬ ಮೂರು ಜಾರುಪಟ್ಟಿಗಳಿರುತ್ತವಷ್ಟೆ. ಮೊದಲನೆಯದು ಬಣ್ಣದ ಕುಲ, ಎರಡನೆಯದು ಅದರ ಗಾಢತೆ, ಮೂರನೆಯದು ಹೊಳಪು. ಹೊಸಬರು ಮೊದಲನೆಯದರಲ್ಲೇ ಮೈಮರೆಯುತ್ತಾರೆ. ನನ್ನನ್ನು ಕೇಳಿದರೆ, ಚಿತ್ರ ನಿಲ್ಲುವುದು ಮೂರನೆಯದರ ಮೇಲೆ.

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ತೋಟಕ್ಕೆ ಇಳಿದು ನೋಡಿರಿ. ಬಿಸಿಲನ್ನು ಬೆನ್ನಿಗೆ ಹೊತ್ತ ಬಾಳೆಯೆಲೆಯನ್ನು ಅಡಿಯಿಂದ ಕಂಡರೆ ಬೆಳಕು ಅದನ್ನು ತೂರಿಬಂದು ಹೆಚ್ಚುಕಡಿಮೆ ಹಳದಿಯೇ ಆಗಿರುತ್ತದೆ. ಅದೇ ಎಲೆಯ ಮೇಲ್ಮೈ ಆಕಾಶವನ್ನು ಪ್ರತಿಫಲಿಸಿ ಬೂದುನೀಲಿಯಾಗಿ ಮಿನುಗುತ್ತದೆ. ಅಡಿಕೆ ಮರಕ್ಕೆ ತಬ್ಬಿದ ಕರಿಮೆಣಸಿನ ಬಳ್ಳಿ ನೆರಳಿನಲ್ಲಿ ಕಪ್ಪಿಗೆ ಸಮೀಪ. ಗಿಳಿಹಸುರು, ಪಾಚಿಹಸುರು, ಚಿಗುರುಹಸುರು ಎಂದು ಕನ್ನಡದ ಹೆಣ್ಣುಮಕ್ಕಳು ಸೀರೆಯಂಗಡಿಯಲ್ಲಿ ಬಿಡಿಸಿ ಹೇಳುವ ಭೇದಗಳನ್ನು ನಮ್ಮ ಚಿತ್ರಕಾರರು ತೋಟದಲ್ಲಿ ಮರೆಯುವುದೇಕೋ ತಿಳಿಯದು. ಕಣ್ಣನ್ನು ಅರೆಮುಚ್ಚಿ ನೋಡಿದರೆ ಬಣ್ಣದ ಗದ್ದಲ ಅಡಗಿ, ಬೆಳಕು ಎಲ್ಲಿ, ಕತ್ತಲೆ ಎಲ್ಲಿ ಎಂಬುದಷ್ಟೆ ಉಳಿಯುತ್ತದೆ. ಬರೆದ ಚಿತ್ರವನ್ನೂ ಒಮ್ಮೆ ಕಪ್ಪು-ಬಿಳುಪಿಗೆ ತಿರುಗಿಸಿ ನೋಡಬೇಕು. ಎಲ್ಲವೂ ಒಂದೇ ಬೂದಿಯಾಗಿ ಕಂಡರೆ ಹಸುರನ್ನು ಎಷ್ಟು ಬದಲಾಯಿಸಿದರೂ ಪ್ರಯೋಜನವಿಲ್ಲ. ಶುದ್ಧ ಬಣ್ಣಗಳ ಹೊಳಪು ಒಂದೇ ಸಮನಲ್ಲವೆಂಬುದೂ ನೆನಪಿರಲಿ. ಬಿಳಿಯ ಹೊಳಪಿನಲ್ಲಿ ಹಸುರಿನ ಪಾಲು ಸುಮಾರು ಶೇಕಡಾ 59, ಕೆಂಪಿನದು 30, ನೀಲಿಯದು ಬರೇ 11 ಎಂಬುದು ಹಿಂದಿನ ಟೆಲಿವಿಷನ್ ಎಂಜಿನಿಯರುಗಳ ಲೆಕ್ಕ.

ಇನ್ನು ನೆರೆಹೊರೆಯ ಮಾತು. ಪ್ಯಾರಿಸ್ಸಿನ ಗೋಬೆಲಿನ್ ಎಂಬ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞನ ಬಳಿಗೆ, ಕಪ್ಪು ನೂಲು ಕಳೆಗುಂದಿದೆಯೆಂಬ ದೂರು ಬಂದಿತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿಲ್ಲ; ಅದರ ಪಕ್ಕಕ್ಕೆ ನೇಯ್ದಿದ್ದ ಬಣ್ಣಗಳು ಕಣ್ಣಿನಲ್ಲಿ ಕಪ್ಪನ್ನು ಕೆಡಿಸುತ್ತಿದ್ದುವು. 1839ರಲ್ಲಿ ಅವನು ಇದನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಅದನ್ನು ಓದಲು ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಹಣ್ಣಡಿಕೆಯನ್ನು ಕೆಮ್ಮಣ್ಣಿನ ಅಂಗಳದಲ್ಲಿ ಹರವಿದಾಗ ಅದರ ಕಿತ್ತಳೆ ಬಣ್ಣ ನೆಲದೊಡನೆ ಬೆರೆತು ಸೌಮ್ಯವಾಗಿರುತ್ತದೆ. ಅದನ್ನೇ ನೀಲಿ ಟಾರ್ಪಾಲಿನ ಮೇಲೆ ಸುರಿಯಿರಿ, ಕೆಂಡದ ರಾಶಿಯಂತೆ ಉರಿಯುತ್ತದೆ. ಅಡಿಕೆಯೇನೂ ಬದಲಾಗಲಿಲ್ಲ. ವರ್ಣಚಕ್ರದಲ್ಲಿ ಕಿತ್ತಳೆಗೆ ಎದುರು ನಿಂತಿರುವುದು ನೀಲಿ. ಎದುರುಬದುರಿನ ಬಣ್ಣಗಳು ಒಂದನ್ನೊಂದು ಎತ್ತಿ ತೋರಿಸುತ್ತವೆ.

ತೆಂಕುತಿಟ್ಟಿನ ಬಣ್ಣದ ವೇಷಧಾರಿಗಳು ಈ ಮರ್ಮವನ್ನು ಕೈಯಲ್ಲೇ ಬಲ್ಲವರು. ಅಕ್ಕಿಹಿಟ್ಟು ಸುಣ್ಣಗಳ ಬಿಳಿಯ ಚಿಟ್ಟಿಯನ್ನು ಸಾಲುಸಾಲಾಗಿ ಇಡುವುದರಿಂದಲೇ ಅದರ ನಡುವಿನ ಕಪ್ಪು ಅಷ್ಟು ಕರಾಳವಾಗಿ, ಕೆಂಪು ಅಷ್ಟು ಉಗ್ರವಾಗಿ ಕಾಣುವುದು. ದೊಂದಿಯ ಬೆಳಕಿನಲ್ಲಿ ನೀಲಿಯ ಅಂಶ ತೀರ ಅಲ್ಪ; ಅದರಲ್ಲಿ ಕೆಂಪು ಹಳದಿಗಳು ಮೆರೆಯುತ್ತವೆ, ನೀಲಿ ಕತ್ತಲೆಗೆ ಸರಿಯುತ್ತದೆ. ಇಂದಿನ ಬೆಳ್ಳಗಿನ ಎಲ್‌ಇಡಿ ದೀಪದಡಿಯಲ್ಲಿ ಅದೇ ಮುಖ ಬೇರೆಯೇ. ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದುದು ಓದುಗರಿಗೆ ತಿಳಿದೇ ಇದೆ. ವೇಷವನ್ನು ಪರದೆಯ ಮೇಲೆ ಬರೆಯುವ ಹುಡುಗರು ಹಗಲಿನಲ್ಲಿ ತೆಗೆದ ಫೋಟೋ ಒಂದನ್ನೇ ನಂಬದೆ, ಒಂದು ರಾತ್ರಿ ಆಟದ ಮುಂದೆ ಕುಳಿತುಕೊಳ್ಳುವುದು ಮೇಲು.

ಬಿಸಿಲಿನ ನೆರಳು ಬರಿಯ ಕಪ್ಪಲ್ಲ. ತೆರೆದ ಆಕಾಶವೇ ಅದಕ್ಕೆ ದೀಪವಾದ್ದರಿಂದ ತುಸು ನೀಲಿ. ಆಟಿ ತಿಂಗಳ ಮಳೆಯಲ್ಲಾದರೋ ನೆರಳಿನ ಅಂಚೇ ಅಳಿಸಿಹೋಗಿ, ನೆನೆದ ಮುರಕಲ್ಲಿನ ಗೋಡೆ ಒಣಗಿದ್ದಾಗಿನದಕ್ಕಿಂತ ಕಪ್ಪಾಗಿ, ಗಾಢವಾಗಿ ತೋರುತ್ತದೆ. ಸುಬ್ರಹ್ಮಣ್ಯದ ಕಡೆಯಿಂದ ಕಾಣುವ ಕುಮಾರಪರ್ವತದ ಮೇಲೆ ಇರುವುದು ಕಾಡೂ ಹುಲ್ಲೂ. ದೂರದಿಂದ ಅದು ನೀಲಿ. ನಡುವಿನ ಗಾಳಿಯು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸಿ ಬೆಟ್ಟದ ಬಣ್ಣದ ಮೇಲೆ ಹೊದಿಸಿಬಿಡುತ್ತದೆ. ಬೆಟ್ಟವನ್ನು ಹತ್ತಿರದ ಮರದಷ್ಟೇ ಗಾಢವಾದ ಹಸುರಿನಲ್ಲಿ ಬರೆದರೆ ಅದು ಹಿತ್ತಿಲಿಗೇ ಬಂದು ಕುಳಿತಂತಾಗುತ್ತದೆ.

ಜಾತ್ರೆಗೋ ಬಯಲಾಟಕ್ಕೋ ಭಿತ್ತಿಪತ್ರ ರಚಿಸುವವರಿಗೆ ಒಂದು ಎಚ್ಚರ. ಪರದೆಯಲ್ಲಿ ಮಿಂಚುವ ಹಸುರನ್ನು ಅಚ್ಚಿನ ಶಾಯಿ ತಲಪಲಾರದು. ಮುದ್ರಣದಲ್ಲಿ ಬಳಸುವುದು ಆಕಾಶನೀಲಿ, ಕಡುಗುಲಾಬಿ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳನ್ನು. ಅಲ್ಲಿ ಮತ್ತೆ ಕಳೆಯುವ ಲೆಕ್ಕ. ಸಾವಿರ ಪ್ರತಿಗಳು ಮಂಕಾಗಿ ಬಂದ ಮೇಲೆ ಪ್ರೆಸ್ಸಿನವರೊಡನೆ ಜಗಳವಾಡುವುದಕ್ಕಿಂತ, ಮೊದಲೇ ತಂತ್ರಾಂಶದಲ್ಲಿ ಅಚ್ಚಿನ ಬಣ್ಣಕ್ಕೆ ಬದಲಾಯಿಸಿ, ಒಂದು ಪ್ರತಿ ತೆಗೆಸಿ ನೋಡಿದರೆ ಹಣ ಉಳಿದೀತು.

ಕಲಿಯುವವರು ಒಂದು ವಾರ ಮೂರೇ ಬಣ್ಣಗಳಿಂದ ಬರೆಯಲಿ: ಮುರಕಲ್ಲಿನ ಕೆಂಪು, ಹಳದಿಗೆ ವಾಲಿದ ಒಂದು ಹಸುರು, ಮಳೆಮೋಡದ ಬೂದುನೀಲಿ. ಬೇರೆ ಏನು ಬೇಕಾದರೂ ಇವುಗಳ ಮಿಶ್ರಣದಿಂದ ಮತ್ತು ಹೊಳಪಿನ ಏರಿಳಿತದಿಂದಲೇ ಬರಬೇಕು. ಕುಳಿತುಕೊಳ್ಳುವ ಮುನ್ನ, ಸಂಜೆಯಾದೊಡನೆ ಪರದೆಯನ್ನು ಹಳದಿಯಾಗಿಸುವ ಕಣ್ಣುರಕ್ಷಣೆಯ ಏರ್ಪಾಡನ್ನು ಆರಿಸಿರಬೇಕು. ಇಲ್ಲವಾದರೆ ರಾತ್ರಿ ಬರೆದ ತೋಟ ಬೆಳಿಗ್ಗೆ ನೀಲಿಯಾಗಿರುತ್ತದೆ.