ಜಾಣ ಕಂಪೈಲರೂ ಹಳೆಯ ಭಂಡಾರವೂ

ಮದ್ದೂರು ವಡೆಯ ಹುಟ್ಟಿನ ಕಥೆ ಮಂಡ್ಯ, ಮಳವಳ್ಳಿಯ ಕಡೆಯ ಮನೆಮನೆಗೂ ಗೊತ್ತು. 1917ರಲ್ಲಿ ಮದ್ದೂರಿನ ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯರು, ಒಂದು ದಿನ ರೈಲು ಹೊತ್ತಿಗೆ ಮುಂಚೆಯೇ ಬಂದುಬಿಡಲು, ಪಕೋಡದ ಹಿಟ್ಟನ್ನೇ ಚಪ್ಪಟೆಯಾಗಿ ತಟ್ಟಿ ಬೇಗನೆ ಕರಿದು ಕೊಟ್ಟರೆಂದು ಪ್ರತೀತಿ. ಹಿಟ್ಟು ಅದೇ, ಎಣ್ಣೆ ಅದೇ, ಹೊತ್ತು ಉಳಿಯಿತು. ಪ್ರಯಾಣಿಕರಿಗೆ ಸಿಕ್ಕಿದ್ದು ಬೇರೆಯೇ ತಿಂಡಿ, ನಿಜ. ಆದರೆ ಯಾರೂ ಆಕ್ಷೇಪಿಸಿದಂತೆ ತೋರುವುದಿಲ್ಲ.

ಗಣಕಯಂತ್ರದಲ್ಲಿ ಈ ಬಗೆಯ ಕೆಲಸವನ್ನು ಮಾಡುವುದು ಕಂಪೈಲರು. ಮನುಷ್ಯನು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವಾಗ ಅದು ಅನಾವಶ್ಯಕವಾದ ಹೆಜ್ಜೆಗಳನ್ನು ಬಿಟ್ಟು, ಉಳಿದವನ್ನು ಹಿಂದುಮುಂದು ಮಾಡಿ ವೇಗವನ್ನು ಹೆಚ್ಚಿಸುತ್ತದೆ. ಇದೇ ಆಪ್ಟಿಮೈಸೇಷನ್. ಈ ವಿದ್ಯೆ ನಮಗೆ ಹೊರಗಿನದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಅವರು ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲಿಯೇ ಪ್ರಕಟವಾಯಿತು. 1962ರಲ್ಲಿ ಸ್ಥಾಪನೆಯಾದ ಮಂಡ್ಯದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜಿನಂಥ ವಿದ್ಯಾಲಯಗಳಲ್ಲಿ ಕಲಿತು ಬೆಂಗಳೂರಿಗೆ ಹೋಗಿ ಪ್ರೋಗ್ರಾಂ ಬರೆಯುವ ತರುಣ ತರುಣಿಯರಿಗೂ ಇದು ನಿತ್ಯದ ಮಾತು.

ಆದರೆ ಬುಧ್ಯರಿಗಿದ್ದ ಸ್ವಾತಂತ್ರ್ಯ ಕಂಪೈಲರಿಗಿಲ್ಲ. ಅದು ತಿಂಡಿಯನ್ನು ಬದಲಿಸುವಂತಿಲ್ಲ. ಹಾಗಿದ್ದೂ ಕೆಲವೊಮ್ಮೆ ತಿಂಡಿಯೇ ಬದಲಾಗುವುದೇಕೆ?

2009ರಲ್ಲಿ ಲಿನಕ್ಸ್ ವ್ಯವಸ್ಥೆಯಲ್ಲಿ ನಡೆದುದನ್ನು ನೋಡಿ. ಅದರ ‘ಟನ್’ ಎಂಬ ಭಾಗದಲ್ಲಿ ಪ್ರೋಗ್ರಾಮು ಒಂದು ವಿಳಾಸದ ಚೀಟಿಯನ್ನು ಹಿಡಿದು ಮೊದಲು ಆ ಮನೆಗೆ ಹೋಗುತ್ತಿತ್ತು. ಚೀಟಿ ಖಾಲಿಯೇ ಎಂದು ಪರೀಕ್ಷಿಸುತ್ತಿದ್ದುದು ಆಮೇಲೆ. ಸಿ ಭಾಷೆಯ ನಿಯಮದಂತೆ ಖಾಲಿ ಚೀಟಿಯನ್ನು ಹಿಡಿದು ಹೋಗುವಂತೆಯೇ ಇಲ್ಲ. ಆದುದರಿಂದ ಜಿಸಿಸಿ ಎಂಬ ಕಂಪೈಲರು, ‘ಹೋಗಿಯಾಯಿತಷ್ಟೆ, ಅಂದಮೇಲೆ ಚೀಟಿ ಖಾಲಿಯಿರಲಾರದು; ಪರೀಕ್ಷೆ ವ್ಯರ್ಥ’ ಎಂದು ತರ್ಕಿಸಿ ಆ ಪರೀಕ್ಷೆಯನ್ನೇ ತೆಗೆದುಹಾಕಿತು! ಕಾವಲು ಹೋದ ಆ ಬಾಗಿಲಿನಿಂದ ಒಳನುಗ್ಗಿ ಇಡೀ ಯಂತ್ರದ ಯಜಮಾನಿಕೆಯನ್ನು ಪಡೆಯುವ ಉಪಾಯವನ್ನು ಬಲ್ಲವರು ತೋರಿಸಿಕೊಟ್ಟರು. ತಪ್ಪು ಬರೆದವರದೇ, ಸಂದೇಹವಿಲ್ಲ. ಆದರೂ ಒಂದು ಮಾತನ್ನೂ ಆಡದೆ ಕಾವಲುಗಾರನನ್ನು ಮನೆಗೆ ಕಳುಹಿಸಿದ ಜಾಣತನವನ್ನು ಮೆಚ್ಚುವುದು ಕಷ್ಟ. ಇಂಥ ಪರೀಕ್ಷೆಗಳನ್ನು ಮುಟ್ಟಕೂಡದೆಂದು ಲಿನಕ್ಸಿನವರು ಆಮೇಲೆ ಕಂಪೈಲರಿಗೆ ಕಟ್ಟಪ್ಪಣೆ ಮಾಡಿದರು.

ಎಲ್ಲರೂ ಬಳಸುವ ಸಿದ್ಧ ಕ್ರಮವಿಧಿಗಳ ಭಂಡಾರಕ್ಕೆ ಲೈಬ್ರರಿ ಎನ್ನುತ್ತಾರೆ. ಅದರ ಪ್ರತಿಯೊಂದನ್ನು ತಂದಿಟ್ಟುಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳುವುದು ಅನೇಕ ಕಡೆ ರೂಢಿ. ಹಾಗೆ ತಿದ್ದಿದುದರ ಫಲವೇನೆಂಬುದು ಡೆಬಿಯನ್ ಬಳಗಕ್ಕೆ ಗೊತ್ತು. 2006ರಲ್ಲಿ ಅವರು ಗುಪ್ತಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ತಮ್ಮ ಪ್ರತಿಯಲ್ಲಿ, ತಪಾಸಣೆಯ ಉಪಕರಣವೊಂದು ಆಕ್ಷೇಪಿಸಿತೆಂದು ಎರಡು ಸಾಲುಗಳನ್ನು ಕೈಬಿಟ್ಟರು. ಊಹೆಗೆ ನಿಲುಕದ ಸಂಖ್ಯೆಗಳನ್ನು ಬೆರೆಸುತ್ತಿದ್ದ ಸಾಲೂ ಅದರಲ್ಲಿ ಹೋಯಿತು. ಲೆಕ್ಕವಿಲ್ಲದಷ್ಟು ಬಗೆಯಲ್ಲಿ ಹುಟ್ಟಬೇಕಾಗಿದ್ದ ಕೀಲಿಗಳು, ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಗೆ ಸುಮಾರು 32,768 ಮಾತ್ರ ಹುಟ್ಟತೊಡಗಿದವು. ಇಷ್ಟನ್ನು ಒಂದೊಂದಾಗಿ ತಿರುಗಿಸಿ ನೋಡಲು ಕಳ್ಳನಿಗೆಷ್ಟು ಹೊತ್ತು? 2008ರ ಮೇ ತಿಂಗಳಲ್ಲಿ ಲೂಸಿಯಾನೋ ಬೆಲ್ಲೋ ಇದನ್ನು ಹೊರಗೆಡಹಿದಾಗ, ಮೂಲ ಲೈಬ್ರರಿ ನಿರ್ದೋಷಿಯಾಗಿಯೇ ಇದ್ದಿತು. ಡೆಬಿಯನ್, ಉಬುಂಟು ಬಳಸುತ್ತಿದ್ದವರು ಮಾತ್ರ ಕೀಲಿಗಳನ್ನು ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ಈಗ ಈ ಎರಡು ಕಥೆಗಳನ್ನೂ ಕೂಡಿಸಿ ನೋಡಿರಿ. ಕಂಪೈಲರುಗಳು ಇಷ್ಟು ಚುರುಕಾಗಿರದ ದಿನಗಳಲ್ಲಿ ಬರೆದ ಲೈಬ್ರರಿ. ಅದರ ಮೇಲೆ ಕಚೇರಿಯಲ್ಲಿ ಯಾರೋ ಮಾಡಿದ ತಿದ್ದುಪಡಿ. ಮೂಲದವರು ಆಮೇಲೆ ಸರಿಪಡಿಸಿದ್ದೊಂದೂ ಇತ್ತ ಬಂದಿಲ್ಲ. ವರ್ಷಗಟ್ಟಲೆ ಓಡಿದ ಈ ಪ್ರೋಗ್ರಾಮು ಹೊಸ ಕಂಪೈಲರಿನ ಕೈಗೆ ಸಿಕ್ಕೊಡನೆ ತಪ್ಪು ಉತ್ತರ ಕೊಡುತ್ತದೆ. ಆಪ್ಟಿಮೈಸೇಷನ್ ನಿಲ್ಲಿಸಿದರೆ ಮತ್ತೆ ಸರಿ! ದೋಷ ಕಂಪೈಲರಿನದೇ ಎಂದು ತೀರ್ಪು ಕೊಟ್ಟು ಎದ್ದುಹೋಗುವವರೇ ಬಹಳ. ಕಂಪೈಲರಿನಲ್ಲಿ ದೋಷವಿರುವುದೂ ಉಂಟು, ಆದರೆ ಅಪರೂಪ. ನಿಯಮ ಮೀರಿದ ಸಾಲನ್ನು ಓಡುತ್ತಿರುವಾಗಲೇ ಹಿಡಿದು ತೋರಿಸುವ ಸ್ಯಾನಿಟೈಜರ್ ಎಂಬ ಸಾಧನಗಳು ಜಿಸಿಸಿಯಲ್ಲಿಯೂ ಕ್ಲ್ಯಾಂಗಿನಲ್ಲಿಯೂ ಇಂದು ಉಚಿತವಾಗಿ ದೊರೆಯುತ್ತವೆ. ತೀರ್ಪಿಗೆ ಮುಂಚೆ ಹಳೆಯ ಲೈಬ್ರರಿಯನ್ನು ಒಮ್ಮೆ ಅವುಗಳ ಮುಂದೆ ಹಿಡಿಯಬಹುದು.