ವೈದ್ಯಕೀಯ ದಾಖಲೆ: ಕೀಲಿಕೈ ಯಾರ ಬಳಿ ಇರಬೇಕು?

ಬೀಳಗಿಯಿಂದ ಬಾಗಲಕೋಟೆಗೋ ವಿಜಯಪುರಕ್ಕೋ ಚಿಕಿತ್ಸೆಗೆ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಲವಿರುತ್ತದೆ. ಮಡಿಕೆ ಬಿದ್ದ ಔಷಧ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಎಕ್ಸ್-ರೇ ಹಾಳೆಗಳು ಅದರೊಳಗಿರುತ್ತವೆ. ಕೆಲವರ ಪಯಣ ಬೆಳಗಾವಿ, ಹುಬ್ಬಳ್ಳಿ, ಮಹಾರಾಷ್ಟ್ರದ ಮಿರಜಿನವರೆಗೂ ಸಾಗುತ್ತದೆ. ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಹೋದ ಕುಟುಂಬಗಳ ಕಾಗದಗಳಂತೂ ಊರೂರುಗಳಲ್ಲಿ ಚದುರಿಹೋಗಿರುತ್ತವೆ. ಆ ಚೀಲ ಕಳೆದರೆ ಮಾಡಿಸಿದ ಪರೀಕ್ಷೆಗೇ ಮತ್ತೊಮ್ಮೆ ಹಣ ತೆರಬೇಕು. ಪೆನಿಸಿಲಿನ್ ಒಗ್ಗದ ರೋಗಿ ಪ್ರಜ್ಞೆ ತಪ್ಪಿ ಬಂದರೆ, ಅದನ್ನು ಹೊಸ ವೈದ್ಯರಿಗೆ ತಿಳಿಸುವವರು ಯಾರು?

ಈ ತೊಡಕಿಗೆ ಪರಿಹಾರವಾಗಿ ಕೇಂದ್ರ ಸರಕಾರವು 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಯೋಜನೆಯನ್ನು ದೇಶದಾದ್ಯಂತ ಆರಂಭಿಸಿತು. ಅದರನ್ವಯ ಪ್ರತಿಯೊಬ್ಬರೂ 14 ಅಂಕಿಗಳ ‘ಆಭಾ’ ಸಂಖ್ಯೆಯನ್ನು ಉಚಿತವಾಗಿ ಪಡೆಯಬಹುದು, ಕಡ್ಡಾಯವೇನಿಲ್ಲ. ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಒದಗಿಸುವ ಆಯುಷ್ಮಾನ್ ಕಾರ್ಡೇ ಇದೆಂದು ಅನೇಕರು ಭಾವಿಸುತ್ತಾರೆ. ಅದು ಬೇರೆ, ಇದು ಬೇರೆ. ಆಭಾ ದಾಖಲೆಗಳನ್ನು ಜೋಡಿಸುವ ಸಂಖ್ಯೆ ಮಾತ್ರ. ವರದಿಗಳು ಅವನ್ನು ಸಿದ್ಧಪಡಿಸಿದ ಆಸ್ಪತ್ರೆಯಲ್ಲಿಯೇ ಉಳಿಯುತ್ತವೆ. ಯಾವ ದಾಖಲೆಯನ್ನು, ಯಾರು, ಎಷ್ಟು ಕಾಲ ನೋಡಬಹುದೆಂಬುದಕ್ಕೆ ರೋಗಿಯೇ ಸಮ್ಮತಿ ನೀಡಬೇಕು. ಕೊಟ್ಟ ಸಮ್ಮತಿಯನ್ನು ಹಿಂಪಡೆಯಲೂಬಹುದು.

ಇಲ್ಲಿ ಮೂಲಭೂತವಾದ ಒಂದು ಪ್ರಶ್ನೆ ಏಳುತ್ತದೆ: ದಾಖಲೆ ಯಾರದು? ಬರೆದವರು ವೈದ್ಯರು, ಕಾಯ್ದಿರಿಸಿದ್ದು ಆಸ್ಪತ್ರೆ. ಆದರೆ ಅದು ಹೇಳುವುದು ರೋಗಿಯ ದೇಹದ ಕಥೆಯನ್ನು. ರೋಗಿಯು ಕೇಳಿದರೆ 72 ಗಂಟೆಗಳೊಳಗೆ ದಾಖಲೆಗಳನ್ನು ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯೇ ವಿಧಿಸಿದೆ. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು.

ಆದರೆ ಹಕ್ಕು ಕಾಗದದ ಮೇಲಿದ್ದರೆ ಸಾಲದು. ಎಷ್ಟೋ ಮನೆಗಳಲ್ಲಿ ತಾಯಿಯ ಆಭಾ ಸಂಖ್ಯೆ ಮಗನ ಮೊಬೈಲಿಗೆ ಜೋಡಣೆಯಾಗಿರುತ್ತದೆ. ಕೇಳಿದವರಿಗೆಲ್ಲ ಓಟಿಪಿ ಹೇಳುವುದೂ ರೂಢಿಯಾಗಿಬಿಟ್ಟಿದೆ. ಕ್ಷಯವೋ ಮನೋವ್ಯಾಧಿಯೋ ಪರರಿಗೆ ತಿಳಿದರೆ ಹೆಣ್ಣುಮಗಳೊಬ್ಬಳ ಮದುವೆಯ ಮಾತುಕತೆಯೇ ಮುರಿದುಬೀಳಬಹುದು. ಅರಿಯದೆ ಒತ್ತಿದ ಗುಂಡಿಯನ್ನು ಸಮ್ಮತಿಯೆಂದು ಕರೆಯಲಾಗದು. ಸಮ್ಮತಿಗೆ ಮೊದಲು ಅರಿವು ಬೇಕು.

ಆದ್ದರಿಂದ ಆತ್ಮೀಯ ಓದುಗರೇ, ಹಳೆಯ ಚೀಲವನ್ನು ಈಗಲೇ ಎಸೆಯಬೇಡಿರಿ. ಎಲ್ಲ ಆಸ್ಪತ್ರೆಗಳೂ ಇನ್ನೂ ಈ ಜಾಲಕ್ಕೆ ಸೇರಿಲ್ಲ. ಅದರೊಳಗಿನ ಕಾಗದಗಳ ಚಿತ್ರ ತೆಗೆದು ಆಭಾ ಆ್ಯಪ್‌ನಲ್ಲಿ ಸೇರಿಸಿಡಲು ಬರುತ್ತದೆ. ಮನೆಯ ವಿದ್ಯಾವಂತ ಮಕ್ಕಳು ಒಂದು ಭಾನುವಾರದ ಮಧ್ಯಾಹ್ನ ಅಜ್ಜ-ಅಜ್ಜಿಯರ ಪಕ್ಕ ಕುಳಿತು ಈ ಕೆಲಸವನ್ನು ಮಾಡಿಕೊಡಲಿ. ಪರದೆಯ ಮೇಲೆ ಮೂಡುವುದನ್ನು ಕನ್ನಡದಲ್ಲಿ ಓದಿ ಹೇಳಲಿ, ‘ಇದನ್ನು ವೈದ್ಯರಿಗೆ ತೋರಿಸಲೇ?’ ಎಂದು ಕೇಳಲಿ. ಹಿರಿಯರು ತಿಳಿದು ‘ಹೂಂ’ ಎಂದ ನಂತರವೇ ಗುಂಡಿ ಒತ್ತಲಿ.